ಭಯದಿಂದ ಬೆರಗಿಗೆ

ಇಂಗ್ಲಿಷ್ ಭಾಷೆಯಲ್ಲಿ ಒಂದು ಪುಟ್ಟ ಪದವಿದೆ. ಬರೆಯುವಾಗ ಅದಕ್ಕೆ ಮೂರು ಅಕ್ಷರಗಳು ಬೇಕು. ನುಡಿಯುವಾಗ ಒಂದು ದೀರ್ಘಸ್ವರ ಸಾಕು. ಕನ್ನಡ ಲಿಪಿಯಲ್ಲಿ ‘ಆ’ ಎಂದು ಬರೆದರೆ ಅದರ ಉಚ್ಚಾರಣೆ ಸರಿಸುಮಾರಾಗಿ ದೊರೆಯುತ್ತದೆ. ತನಗಿಂತ ಬಹು ದೊಡ್ಡದಾದುದನ್ನು ಕಂಡಾಗ ಮನುಷ್ಯನಲ್ಲಿ ಮೂಡುವ ಬೆರಗು, ಬೆರಗಿನ ಒಳಗೆ ಅಡಗಿರುವ ಅಳುಕು, ಅಳುಕಿನೊಡನೆ ಬೆರೆತಿರುವ ಗೌರವ, ಈ ಮೂರನ್ನೂ ಅದು ಒಟ್ಟಿಗೆ ಹೇಳುತ್ತದೆ. ಕನ್ನಡದ ಕಿವಿಗೆ ಈ ಪದವು ಬೆರಗಾದವನು ಬಾಯಿ ತೆರೆದು ಹೊರಡಿಸುವ ಉದ್ಗಾರದಂತೆಯೇ ಕೇಳಿಸುತ್ತದೆ. ಆದರೆ ಈ ಹೋಲಿಕೆ ಕೇವಲ ಆಕಸ್ಮಿಕವಾದುದು. ಈ ಪದ ಹುಟ್ಟಿದ್ದು ಉದ್ಗಾರದಿಂದಲ್ಲ, ಭಯದಿಂದ.

ಇದೇ ಪದದಿಂದ ಹುಟ್ಟಿದ ‘ಆಸಮ್’ ಎಂಬ ವಿಶೇಷಣವು ಇಂದು ಪೇಟೆಯ ತರುಣರ ನಾಲಿಗೆಯ ಮೇಲೆ ಸದಾ ಕುಣಿಯುತ್ತಿರುತ್ತದೆ. ಗೆಳೆಯನ ಹೊಸ ಅಂಗಿ ‘ಆಸಮ್’, ಹೋಟೆಲಿನ ದೋಸೆ ‘ಆಸಮ್’, ಮೊನ್ನೆ ನಡೆದ ಕ್ರಿಕೆಟ್ ಪಂದ್ಯವೂ ‘ಆಸಮ್’. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಂತೂ ಈ ಪದ ‘ಚೆನ್ನಾಗಿದೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವನ್ನು ಹೊತ್ತಿರುವುದು ಅಪರೂಪವಾಗಿದೆ. ಸಾವಿರ ವರ್ಷಗಳ ಹಿಂದೆ ಎದೆಯನ್ನು ನಡುಗಿಸುತ್ತಿದ್ದ ಮಾತೊಂದು ಇಂದು ದೋಸೆಯನ್ನು ಹೊಗಳುವ ಮಾತಾದುದು ಹೇಗೆ? ಈ ಪಯಣದಲ್ಲಿ ಅದು ಗಳಿಸಿದ್ದೇನು, ಕಳೆದುಕೊಂಡಿದ್ದೇನು? ಈ ಪ್ರಶ್ನೆಗಳು ಇಂಗ್ಲಿಷಿಗೆ ಮಾತ್ರ ಸಂಬಂಧಿಸಿದವಲ್ಲ. ಮಾತನ್ನು ಬಳಸುವ ಎಲ್ಲ ಜನರಿಗೂ ಸಂಬಂಧಿಸಿದವು.

ಪ್ರಾಚೀನ ಇಂಗ್ಲಿಷಿನಲ್ಲಿ ಭಯ, ದಿಗಿಲು ಎಂಬ ಅರ್ಥಕ್ಕೆ ‘ಎಗೆ’ ಎಂಬ ಪದವಿತ್ತು. ಸಮುದ್ರದಾಚೆಯ ಸ್ಕಾಂಡಿನೇವಿಯಾದ ಜನರು ಆಡುತ್ತಿದ್ದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಅದಕ್ಕೆ ‘ಅಗಿ’ ಎಂಬ ರೂಪವಿತ್ತು. ಇವೆರಡೂ ಒಂದೇ ಮೂಲದಿಂದ ಬಂದ ಸೋದರ ಪದಗಳು. ಕ್ರಿಸ್ತಶಕ ೭೯೩ರಲ್ಲಿ ನಾರ್ಸ್ ಜನರು ಹಡಗುಗಳಲ್ಲಿ ಬಂದು ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ಎಂಬ ದ್ವೀಪದಲ್ಲಿದ್ದ ಕ್ರೈಸ್ತ ಮಠವನ್ನು ಲೂಟಿ ಮಾಡಿದರು. ಮುಂದಿನ ಕಾಲದಲ್ಲಿ ಅವರಲ್ಲಿ ಹಲವರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿಯೇ ನೆಲೆಸಿ, ಹೊಲ ಉತ್ತು, ಅಲ್ಲಿಯವರಾದರು. ಅವರ ಭಾಷೆ ಇಂಗ್ಲಿಷಿನೊಡನೆ ಬೆರೆಯಿತು. ಆಕಾಶ, ಮೊಟ್ಟೆ, ಚಾಕು, ಕಿಟಕಿ ಇವುಗಳಿಗೆ ಇಂಗ್ಲಿಷರು ಇಂದು ಬಳಸುವ ಪದಗಳೆಲ್ಲ ಹೀಗೆ ಬಂದವು. ಭಯವನ್ನು ಹೇಳುವ ಪದವೂ ಅವರಿಂದಲೇ ಬಂದಿತು. ಹಳೆಯ ‘ಎಗೆ’ ಕ್ರಮೇಣ ಮರೆಯಾಗಿ, ನಾರ್ಸ್ ಮೂಲದ ರೂಪವೇ ಬದಲಾಗುತ್ತ ಬಂದು ಇಂದಿನ ‘ಆ’ ಎಂಬುದಾಗಿ ಉಳಿಯಿತು. ಒಮ್ಮೆ ಯಾರ ಹೆಸರನ್ನು ಕೇಳಿ ಇಂಗ್ಲೆಂಡಿನ ತೀರದ ಜನ ನಡುಗುತ್ತಿದ್ದರೋ, ಅವರ ನುಡಿಯೇ ಆ ನಡುಕಕ್ಕೆ ಹೆಸರನ್ನು ಕೊಟ್ಟಿತು.

ಆ ಕಾಲದಲ್ಲಿ ಈ ಪದಕ್ಕೆ ಮೆಚ್ಚುಗೆಯ ಸೋಂಕು ಇರಲಿಲ್ಲ. ಗುಡುಗು, ಕಡಲು, ಕತ್ತಲು, ದೊರೆಯ ಕೋಪ ಇವುಗಳ ಮುಂದೆ ದುರ್ಬಲನಾದವನಿಗೆ ಆಗುವ ಅನುಭವವೇ ಅದರ ಅರ್ಥವಾಗಿತ್ತು. ಅದಕ್ಕೆ ಎರಡನೆಯ ಅರ್ಥ ಸೇರಿಕೊಂಡದ್ದು ಧರ್ಮದ ದ್ವಾರದಿಂದ. ದೇವರ ಭಯವು ಹುಲಿಯ ಭಯದಂತಹುದಲ್ಲ. ಹುಲಿಯನ್ನು ಕಂಡವನು ಓಡಿಹೋಗಲು ಬಯಸುತ್ತಾನೆ. ದೇವರ ಸನ್ನಿಧಿಯಲ್ಲಿ ನಿಂತವನು ಅಂಜುತ್ತಲೇ ಅಲ್ಲಿಯೇ ನಿಲ್ಲಲು ಬಯಸುತ್ತಾನೆ. ದೂರ ಸರಿಯಬೇಕೆಂಬ ಅಳುಕು, ಸಮೀಪ ಇರಬೇಕೆಂಬ ಹಂಬಲ ಎರಡೂ ಏಕಕಾಲದಲ್ಲಿ ಅವನನ್ನು ಸೆಳೆಯುತ್ತವೆ. ೧೬೧೧ರಲ್ಲಿ ಪ್ರಕಟವಾದ ಬೈಬಲಿನ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಈ ಪದವು ಇಂತಹ ಭಕ್ತಿಮಿಶ್ರಿತ ಭಯಕ್ಕೆ ಬಳಕೆಯಾಗಿದೆ. ಕನ್ನಡದ ‘ಭಯಭಕ್ತಿ’ ಎಂಬ ಜೋಡುನುಡಿಯು ಈ ಅರ್ಥಕ್ಕೆ ಬಹಳ ಹತ್ತಿರದ್ದು. ಎರಡು ಪದಗಳನ್ನು ಸೇರಿಸಿ ಕನ್ನಡವು ಹೇಳುವುದನ್ನು ಇಂಗ್ಲಿಷ್ ಒಂದೇ ಸ್ವರದಲ್ಲಿ ಹೇಳಿತು.

ಹದಿನೆಂಟನೆಯ ಶತಮಾನದಲ್ಲಿ ಈ ಭಾವನೆಯು ದೇವಾಲಯದಿಂದ ಹೊರಬಂದು ಬೆಟ್ಟಗುಡ್ಡಗಳನ್ನು ಏರಿತು. ಆಲ್ಪ್ಸ್ ಪರ್ವತದ ಕೊರಕಲುಗಳನ್ನೂ ಬಿರುಗಾಳಿಗೆ ಸಿಕ್ಕ ಕಡಲನ್ನೂ ಕಂಡು ಪ್ರವಾಸಿಗರು ಪುಳಕಗೊಂಡರು. ಭಯಾನಕವಾದುದು ಸಂತೋಷವನ್ನೇಕೆ ಕೊಡಬೇಕು ಎಂಬ ಪ್ರಶ್ನೆಯನ್ನು ಎಡ್ಮಂಡ್ ಬರ್ಕ್ ಎಂಬ ಐರಿಷ್ ಮೂಲದ ಚಿಂತಕನು ಎತ್ತಿಕೊಂಡನು. ೧೭೫೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಭವ್ಯವಾದುದನ್ನೂ ಸುಂದರವಾದುದನ್ನೂ ಬೇರ್ಪಡಿಸಿದನು. ಚಿಕ್ಕದಾದುದು, ನಯವಾದುದು, ಕೋಮಲವಾದುದು ಸುಂದರ. ಅಪಾರವಾದುದು, ಮಸುಕಾದುದು, ಬಲಶಾಲಿಯಾದುದು ಭವ್ಯ. ಭವ್ಯತೆಯ ಬೇರು ಭಯದಲ್ಲಿದೆ. ಅಪಾಯವು ನಿಜವಾಗಿಯೂ ಮೈಮೇಲೆ ಬೀಳದಷ್ಟು ದೂರದಲ್ಲಿದ್ದರೆ ಆ ಭಯವೇ ಒಂದು ಬಗೆಯ ಆನಂದವಾಗುತ್ತದೆ ಎಂಬುದು ಅವನ ವಾದ. ದಡದ ಮೇಲೆ ನಿಂತವನಿಗೆ ಬಿರುಗಾಳಿ ಭವ್ಯ. ಮುಳುಗುತ್ತಿರುವ ದೋಣಿಯಲ್ಲಿ ಕುಳಿತವನಿಗೆ ಅದು ಬರಿಯ ಮೃತ್ಯು.

ಇದೇ ಬರ್ಕ್ ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನ ಪ್ರಮುಖ ಸದಸ್ಯನಾದನು. ೧೭೮೦ರಲ್ಲಿ ಮೈಸೂರಿನ ಹೈದರಾಲಿಯು ಆರ್ಕಾಟಿನ ನವಾಬನ ಸೀಮೆಯ ಮೇಲೆ ನಡೆಸಿದ ದಂಡಯಾತ್ರೆಯನ್ನು ೧೭೮೫ರ ಒಂದು ಭಾಷಣದಲ್ಲಿ ಅವನು ವರ್ಣಿಸಿದನು. ಘಟ್ಟದ ಇಳಿಜಾರಿನಲ್ಲಿ ತೂಗಿನಿಂತು, ಒಮ್ಮೆಲೇ ಬಯಲಿನ ಮೇಲೆ ಸುರಿದ ಕಾರ್ಮೋಡದಂತೆ ಅವನ ಕಣ್ಣಿಗೆ ಹೈದರನ ಸೈನ್ಯ ಕಂಡಿತು. ಮೂವತ್ತು ವರ್ಷಗಳ ಹಿಂದೆ ಪುಸ್ತಕದಲ್ಲಿ ವಿವರಿಸಿದ್ದ ಭಯಮಿಶ್ರಿತ ಬೆರಗನ್ನೇ ಅವನು ಲಂಡನ್ನಿನ ಸಭೆಯಲ್ಲಿ ಕೇಳುಗರ ಎದೆಗೆ ಮುಟ್ಟಿಸಲು ಯತ್ನಿಸಿದನು. ಅಲ್ಲಿ ಸುರಕ್ಷಿತವಾಗಿ ಕುಳಿತವರಿಗೆ ಅದು ಭವ್ಯವಾದ ಚಿತ್ರವಾಗಿ ತೋರಿರಬಹುದು. ಉರಿಯುವ ಹಳ್ಳಿಗಳಿಂದ ಓಡಿದ ರೈತರಿಗೆ ಅದು ಹಾಗೆ ತೋರಲು ಸಾಧ್ಯವಿರಲಿಲ್ಲ.

ಇಷ್ಟು ಘನತೆಯ ಪದಕ್ಕೆ ಮುಂದೆ ವಿಚಿತ್ರವಾದ ಗತಿ ಒದಗಿತು. ಅದಕ್ಕೆ ಇಬ್ಬರು ಮಕ್ಕಳು. ಹಿರಿಯದು ‘ಆಫುಲ್’, ಕಿರಿಯದು ‘ಆಸಮ್’. ಮೊದಲನೆಯದರ ಮೂಲಾರ್ಥ ಭಯಭಕ್ತಿಗಳಿಂದ ತುಂಬಿದುದು. ಎರಡನೆಯದರ ಅರ್ಥವೂ ಸುಮಾರಾಗಿ ಅದೇ. ಹದಿನಾರನೆಯ ಶತಮಾನದ ಕೊನೆಯಲ್ಲಿ ‘ಆಸಮ್’ ಬಳಕೆಗೆ ಬಂದಾಗ ಅಣ್ಣತಮ್ಮಂದಿರಲ್ಲಿ ಹೆಚ್ಚಿನ ಭೇದವಿರಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಜನರು ತಮಗೆ ಹಿಡಿಸದ ಊಟವನ್ನೂ ಕೆಟ್ಟ ಹವೆಯನ್ನೂ ‘ಆಫುಲ್’ ಎನ್ನತೊಡಗಿದರು. ಭಯದ ಭಾಗವನ್ನು ಮಾತ್ರ ಉಳಿಸಿಕೊಂಡು, ಅದನ್ನೂ ತೆಳುವಾಗಿಸಿಕೊಂಡು, ಆ ಪದ ‘ಬಹಳ ಕೆಟ್ಟದ್ದು’ ಎಂಬ ಅರ್ಥಕ್ಕೆ ಇಳಿಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ‘ಆಸಮ್’ ಎಂಬುದಕ್ಕೂ ಅದೇ ಸರದಿ ಬಂದಿತು. ಮುಖ್ಯವಾಗಿ ಅಮೆರಿಕದ ತರುಣರ ಮಾತಿನಲ್ಲಿ ಅದು ಬೆರಗಿನ ಭಾಗವನ್ನು ಮಾತ್ರ ಉಳಿಸಿಕೊಂಡು ‘ಬಹಳ ಚೆನ್ನಾಗಿದೆ’ ಎಂಬುದಕ್ಕೆ ಸಮಾನವಾಯಿತು. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬ ಬೈಗುಳವಾದ, ಇನ್ನೊಬ್ಬ ಹೊಗಳಿಕೆಯಾದ. ತಂದೆಯ ಗಾಂಭೀರ್ಯ ಇಬ್ಬರಲ್ಲಿಯೂ ಉಳಿಯಲಿಲ್ಲ.

ಇದನ್ನು ಕಂಡು ಇಂಗ್ಲಿಷರನ್ನು ನೋಡಿ ನಗುವ ಹಕ್ಕು ಕನ್ನಡಿಗರಿಗೆ ಇಲ್ಲ. ಜಾತ್ರೆಯ ನಾಟಕವನ್ನು ನೋಡಿ ಬಂದವನು ‘ಭಯಂಕರ ಚೆನ್ನಾಗಿತ್ತು’ ಎನ್ನುವುದುಂಟು. ಭಯವನ್ನು ಉಂಟುಮಾಡುವುದು ಎಂಬ ಅರ್ಥದ ಪದವು ಅಲ್ಲಿ ‘ಬಹಳ’ ಎಂಬುದರ ಬದಲಿಗೆ ನಿಂತಿದೆ. ‘ಅದ್ಭುತ’ ಎಂಬ ಪದಕ್ಕೂ ಇದೇ ಸ್ಥಿತಿ ಒದಗಿದೆ. ಹಿಂದೆ ಲೋಕದಲ್ಲಿ ಕಾಣಸಿಗದ ಸಂಗತಿಗೆ ಮೀಸಲಾಗಿದ್ದ ಮಾತು ಇಂದು ಕಾಫಿಯ ಲೋಟದವರೆಗೂ ಬಂದಿದೆ. ಆದರೂ ಕನ್ನಡದಲ್ಲಿ ಈ ಭಾವನೆಗೆ ಸಂಬಂಧಿಸಿದ ಸಿರಿ ಕಡಿಮೆಯದಲ್ಲ. ಬೆರಗು, ಸೋಜಿಗ, ಬೆಕ್ಕಸ, ಅಚ್ಚರಿ, ವಿಸ್ಮಯ ಎಂಬ ಪದಗಳಿವೆ. ಮೂಗಿನ ಮೇಲೆ ಬೆರಳಿಡುವುದು, ಕಣ್ಣರಳಿಸುವುದು, ಬಿಟ್ಟ ಬಾಯಿ ಬಿಟ್ಟಂತೆ ನಿಲ್ಲುವುದು ಎಂಬ ನುಡಿಗಟ್ಟುಗಳಿವೆ. ಇವುಗಳಲ್ಲಿ ಹೆಚ್ಚಿನವು ಮಾತು ನಿಂತುಹೋಗುವ ಸ್ಥಿತಿಯನ್ನೇ ಸೂಚಿಸುತ್ತವೆ ಎಂಬುದನ್ನು ಗಮನಿಸಬೇಕು. ನಿಜವಾಗಿ ಬೆರಗಾದವನು ಮೊದಲು ಮೌನಿಯಾಗುತ್ತಾನೆ.

ಭಾರತದ ಕಾವ್ಯಮೀಮಾಂಸೆಯು ಬೆರಗನ್ನೂ ಭಯವನ್ನೂ ಪ್ರತ್ಯೇಕವಾಗಿಯೇ ಇರಿಸಿತು. ಭರತಮುನಿಯ ನಾಟ್ಯಶಾಸ್ತ್ರವು ಹೇಳುವ ಎಂಟು ರಸಗಳಲ್ಲಿ ಅದ್ಭುತ ಒಂದು, ಭಯಾನಕ ಇನ್ನೊಂದು. ವಿಸ್ಮಯವು ಅದ್ಭುತದ ಸ್ಥಾಯಿಭಾವ. ಭಯವು ಭಯಾನಕದ ಸ್ಥಾಯಿಭಾವ. ಅದ್ಭುತವು ವೀರದಿಂದ ಹುಟ್ಟುತ್ತದೆ, ಭಯಾನಕವು ಬೀಭತ್ಸದಿಂದ ಹುಟ್ಟುತ್ತದೆ ಎಂದು ಆ ಗ್ರಂಥ ಅವುಗಳ ವಂಶವನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಆದರೆ ಶಾಸ್ತ್ರವು ಬೇರ್ಪಡಿಸಿದುದನ್ನು ಕಾವ್ಯವು ಒಂದುಗೂಡಿಸುವುದುಂಟು. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನನು ವಿಸ್ಮಯದಿಂದ ರೋಮಾಂಚಿತನಾಗುತ್ತಾನೆ. ಅದೇ ಸಮಯದಲ್ಲಿ ಭಯದಿಂದ ತಲ್ಲಣಿಸುತ್ತಾನೆ. ಹಿಂದೆಂದೂ ಕಾಣದುದನ್ನು ಕಂಡು ಹರ್ಷವಾಗಿದೆ, ಆದರೆ ಮನಸ್ಸು ಅಂಜಿಕೆಯಿಂದ ಕಂಗೆಟ್ಟಿದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಇಂಗ್ಲಿಷಿನ ಆ ಪುಟ್ಟ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಹುಡುಕುವುದು ಕಷ್ಟ.

ಅಲ್ಲಿ ಇನ್ನೊಂದು ಸಂಗತಿಯಿದೆ. ಆ ದರ್ಶನದ ನಡುವೆ ಅರ್ಜುನನಿಗೆ ತಾನು ಹಿಂದೆ ಆಡಿದ ಮಾತುಗಳ ನೆನಪಾಗುತ್ತದೆ. ಮಹಿಮೆಯನ್ನು ಅರಿಯದೆ, ಸಲಿಗೆಯಿಂದ, ಆಟವಾಡುವಾಗ, ಉಣ್ಣುವಾಗ, ಮಲಗಿರುವಾಗ, ಕೃಷ್ಣ ಎಂದೂ ಯಾದವ ಎಂದೂ ಗೆಳೆಯ ಎಂದೂ ಹಗುರವಾಗಿ ಕೂಗಿದ್ದಕ್ಕಾಗಿ ಅವನು ಕ್ಷಮೆಯನ್ನು ಬೇಡುತ್ತಾನೆ. ಹೆಸರು ಅದೇ, ಕರೆದ ನಾಲಿಗೆಯೂ ಅದೇ. ಆದರೆ ಹೆಸರಿನ ಹಿಂದೆ ಇದ್ದುದು ಎಷ್ಟು ದೊಡ್ಡದು ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ. ಹಗುರವಾಗಿ ಬಳಸಿದ ಮಾತಿನ ಭಾರ ಒಮ್ಮೆಲೇ ಅರಿವಾಗುವ ಈ ಸನ್ನಿವೇಶವು ಪದಗಳ ಸವೆತವನ್ನು ಕುರಿತು ಯೋಚಿಸುವವರೆಲ್ಲರೂ ನೆನೆಯಬೇಕಾದುದು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಅಧ್ಯಾಯವು ಬಹು ದೂರದ ಮರುಭೂಮಿಯೊಂದರಲ್ಲಿ ನೆನಪಿಗೆ ಬಂದಿತು. ೧೯೪೫ರ ಜುಲೈ ೧೬ರ ಬೆಳಗಿನ ಜಾವ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಮೊದಲನೆಯ ಅಣುಬಾಂಬಿನ ಪರೀಕ್ಷೆ ನಡೆಯಿತು. ಅದನ್ನು ನಿರ್ಮಿಸಿದ ವಿಜ್ಞಾನಿಗಳ ಮುಂದಾಳು ರಾಬರ್ಟ್ ಒಪೆನ್‌ಹೈಮರ್ ಸಂಸ್ಕೃತವನ್ನು ಕಲಿತು ಗೀತೆಯನ್ನು ಮೂಲದಲ್ಲಿಯೇ ಓದಿದ್ದವರು. ಆ ಕ್ಷಣದಲ್ಲಿ ಕೆಲವರು ನಕ್ಕರು, ಕೆಲವರು ಅತ್ತರು, ಹೆಚ್ಚಿನವರು ಮೌನವಾಗಿದ್ದರು; ತಮಗೆ ವಿಶ್ವರೂಪದ ಪ್ರಸಂಗ ನೆನಪಾಯಿತು ಎಂದು ಅವರು ೧೯೬೫ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಹೇಳಿದರು. ತಮ್ಮದೇ ಕೈಕೆಲಸದ ಮುಂದೆ ಮನುಷ್ಯರು ಹೀಗೆ ಬೆರಗಿನಿಂದಲೂ ಭಯದಿಂದಲೂ ನಿಂತರು. ಮೂರು ವಾರಗಳು ಕಳೆಯುವುದರೊಳಗೆ, ಆಗಸ್ಟ್ ೬ರಂದು ಹಿರೋಷಿಮಾದ ಮೇಲೆ, ಮತ್ತೆ ಮೂರು ದಿನಗಳಲ್ಲಿ ನಾಗಸಾಕಿಯ ಮೇಲೆ ಅಣುಬಾಂಬುಗಳು ಬಿದ್ದವು. ದೂರದಲ್ಲಿ ನಿಂತು ನೋಡಿದವರ ಬೆರಗು ಒಂದು. ಅದರ ಕೆಳಗೆ ಸಿಕ್ಕವರ ಪಾಡು ಇನ್ನೊಂದು.

ಹಳೆಯ ಪದದ ಭಯದ ಮುಖ ಪೂರ್ತಿಯಾಗಿ ಮಾಸಿಲ್ಲವೆಂಬುದಕ್ಕೆ ಮತ್ತೊಂದು ಸಾಕ್ಷಿಯಿದೆ. ೧೯೯೬ರಲ್ಲಿ ಅಮೆರಿಕದ ಯುದ್ಧತಜ್ಞರು ಒಂದು ಹೊಸ ಯುದ್ಧನೀತಿಯನ್ನು ರೂಪಿಸಿದರು. ಶತ್ರುವಿನ ಮೇಲೆ ಮೊದಲಿಗೇ ಅಪಾರವಾದ ಬಲವನ್ನು ಪ್ರಯೋಗಿಸಿ, ಅವನು ಎದುರಿಸುವ ಮನಸ್ಸನ್ನೇ ಕಳೆದುಕೊಳ್ಳುವಂತೆ ಮಾಡುವುದು ಅದರ ತಿರುಳು. ಆ ನೀತಿಗೆ ಅವರು ‘ಶಾಕ್ ಅಂಡ್ ಆ’ ಎಂದು ಹೆಸರಿಟ್ಟರು. ಎಂದರೆ ಆಘಾತ ಮತ್ತು ದಿಗ್ಭ್ರಮೆ. ೨೦೦೩ರ ಮಾರ್ಚಿಯಲ್ಲಿ ಇರಾಕಿನ ರಾಜಧಾನಿ ಬಾಗ್ದಾದಿನ ಮೇಲೆ ಬಾಂಬುಗಳು ಸುರಿದಾಗ ಈ ಹೆಸರು ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ನಾರ್ಸರ ಹಡಗುಗಳ ಕಾಲದ ಅರ್ಥ ಸಾವಿರದ ಇನ್ನೂರು ವರ್ಷಗಳ ಬಳಿಕ ವಿಮಾನಗಳನ್ನೇರಿ ಮರಳಿ ಬಂದಿತ್ತು. ಅದೇ ೨೦೦೩ರಲ್ಲಿ ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಭಾವನೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರ ಪ್ರಕಾರ ಅದಕ್ಕೆ ಎರಡು ಲಕ್ಷಣಗಳು ಮುಖ್ಯ. ಎದುರಿಗಿರುವುದು ತನಗಿಂತ ಬಹಳ ದೊಡ್ಡದು ಎಂಬ ಅರಿವು ಒಂದು. ಅದನ್ನು ಒಳಗೊಳ್ಳಲು ಮನಸ್ಸು ತನ್ನ ಹಳೆಯ ತಿಳಿವಳಿಕೆಯನ್ನೇ ಹಿಗ್ಗಿಸಿಕೊಳ್ಳಬೇಕಾಗುವುದು ಇನ್ನೊಂದು. ಅಪಾಯದ ಭಾವ ಅದರೊಡನೆ ಸೇರಬಹುದು, ಸೇರದೆಯೂ ಇರಬಹುದು.

ಹಾಗಾದರೆ ಮನುಷ್ಯನನ್ನು ಕುಗ್ಗಿಸುವ ಬೆರಗು ಬೇರೆ, ಹಿಗ್ಗಿಸುವ ಬೆರಗು ಬೇರೆ ಎಂದಾಯಿತು. ಮೊದಲನೆಯದು ತಲೆಯನ್ನು ಬಾಗಿಸುತ್ತದೆ, ಬಾಯಿಯನ್ನು ಮುಚ್ಚಿಸುತ್ತದೆ, ಪ್ರಶ್ನೆಯನ್ನು ಅಡಗಿಸುತ್ತದೆ. ಎರಡನೆಯದು ತಲೆಯನ್ನು ಎತ್ತಿ ನೋಡುವಂತೆ ಮಾಡುತ್ತದೆ; ಮೌನದ ಬಳಿಕ ಪ್ರಶ್ನೆಯನ್ನು ಹುಟ್ಟಿಸುತ್ತದೆ. ತತ್ತ್ವಚಿಂತನೆಯು ಬೆರಗಿನಿಂದ ಆರಂಭವಾಯಿತು ಎಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದು ಈ ಎರಡನೆಯ ಬಗೆಯದನ್ನು ಕುರಿತು.

ಈ ಎರಡನೆಯ ಬಗೆಯ ಬೆರಗನ್ನು ಕನ್ನಡದ ಕವಿಯೊಬ್ಬನು ಹನ್ನೆರಡನೆಯ ಶತಮಾನದಲ್ಲಿಯೇ ಬಿಡಿಸಿ ನೋಡಿದ್ದನು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗಂಗರ ಮಂತ್ರಿ ಚಾವುಂಡರಾಯನು ೯೮೧ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನ ಮೂರ್ತಿಯು ಏಕಶಿಲೆಯಲ್ಲಿ ಕಡೆದುದು. ಸುಮಾರು ೫೮ ಅಡಿ ಎತ್ತರದ್ದು. ಅದನ್ನು ಕುರಿತು ಬೊಪ್ಪಣನೆಂಬ ಕವಿ ರಚಿಸಿದ ಶಾಸನ ಅಲ್ಲಿಯೇ ಇದೆ. ಅತಿ ಎತ್ತರವಾದ ಆಕೃತಿಯಲ್ಲಿ ಸೌಂದರ್ಯ ನೆಲೆಸುವುದು ಕಷ್ಟ. ಎತ್ತರವೂ ಸೌಂದರ್ಯವೂ ಕೂಡಿದರೂ ಅತಿಶಯವೆಂಬುದು ಒದಗುವುದು ಇನ್ನೂ ಕಷ್ಟ. ಮೂರೂ ಈ ಮೂರ್ತಿಯಲ್ಲಿ ಒಂದಾಗಿವೆ ಎಂಬುದು ಅವನ ಮಾತಿನ ಸಾರ. ಆರು ಶತಮಾನಗಳ ಬಳಿಕ ಬರ್ಕ್ ಬೇರ್ಪಡಿಸಿದ ಭವ್ಯವನ್ನೂ ಸುಂದರವನ್ನೂ ಬೊಪ್ಪಣನು ಒಂದೇ ಕಲ್ಲಿನಲ್ಲಿ ಕಂಡಿದ್ದನು. ಅಲ್ಲಿ ಭಯದ ಮಾತಿಲ್ಲ. ಅಣ್ಣನಾದ ಭರತನನ್ನು ಗೆದ್ದೂ ಗೆಲುವನ್ನು ಬಿಟ್ಟುಕೊಟ್ಟು ತಪಸ್ಸಿಗೆ ನಿಂತವನ ಮೂರ್ತಿ ಅದು. ಅವನ ಕೈಯಲ್ಲಿ ಆಯುಧವಿಲ್ಲ, ಮೈಗೆ ಬಳ್ಳಿ ಹಬ್ಬಿದೆ, ಮುಖದಲ್ಲಿ ಶಾಂತಿಯಿದೆ. ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಆಯಾಸದಿಂದ ಬಂದ ಹಳ್ಳಿಯ ಮುದುಕನೂ ಅದರ ಪಾದದ ಬಳಿ ನಿಂತು ತಲೆಯೆತ್ತಿ ನೋಡಿದಾಗ ತಾನು ಚಿಕ್ಕವನೆಂದು ಅರಿಯುತ್ತಾನೆ. ಆದರೆ ಅವಮಾನಿತನಾಗುವುದಿಲ್ಲ.

ಪದಗಳು ನಾಣ್ಯಗಳಂತೆ ಕೈಯಿಂದ ಕೈಗೆ ಸಾಗುತ್ತ ಸವೆಯುತ್ತವೆ. ಅದನ್ನು ಯಾವ ವ್ಯಾಕರಣವೂ ತಡೆಯಲಾರದು. ದೋಸೆಯನ್ನು ‘ಆಸಮ್’ ಎಂದವನು ಮಹಾಪರಾಧವನ್ನೇನೂ ಮಾಡಿಲ್ಲ. ದೋಸೆ ಚೆನ್ನಾಗಿಯೇ ಇದ್ದಿರಬೇಕು. ಆದರೆ ದಿನಕ್ಕೆ ಹತ್ತು ಬಾರಿ ಎಲ್ಲವನ್ನೂ ಅದ್ಭುತವೆಂದವನು, ನಿಜವಾದ ಅದ್ಭುತದ ಮುಂದೆ ನಿಂತ ದಿನ ಯಾವ ಮಾತನ್ನು ಆಡಬೇಕು? ಅಷ್ಟೇ ಅಲ್ಲ, ಬಲದಿಂದ ಬೆದರಿಸಿ ಬೆರಗುಗೊಳಿಸಲು ಬರುವವನನ್ನೂ ಸತ್ಯದಿಂದ ದೊಡ್ಡವನಾದವನನ್ನೂ ಒಂದೇ ಪದದಿಂದ ಹೊಗಳುವವನು ಅವರಿಬ್ಬರ ವ್ಯತ್ಯಾಸವನ್ನು ಅರಿಯುವುದಾದರೂ ಹೇಗೆ? ಕತ್ತಲೆ ಕವಿದ ಬಯಲಿನಲ್ಲಿ ನಿಂತು ನಕ್ಷತ್ರಗಳನ್ನು ಮೊದಲ ಬಾರಿಗೆ ದಿಟ್ಟಿಸಿ ನೋಡುವ ಹುಡುಗನಿಗೆ ಒಂದು ಮಾತು ಮೀಸಲಾಗಿ ಉಳಿದಿರಬೇಕು. ಅದು ಬಾಯಿಗೆ ಬರುವ ಮುನ್ನ ಅವನು ಒಂದು ಗಳಿಗೆ ಸುಮ್ಮನಿದ್ದರೆ, ಆ ಪುಟ್ಟ ಪದದ ಹಳೆಯ ಅರ್ಥವು ಅವನಿಗೆ ಯಾವ ನಿಘಂಟಿನ ನೆರವೂ ಇಲ್ಲದೆ ತಿಳಿದಿರುತ್ತದೆ.